ಹಿಂದಕ್ಕೆ ಒತ್ತಿದರೆ ಹೊಡೆತ ಬೀಳುವುದಿಲ್ಲ

ಆ ಭಾನುವಾರ ಅವ್ವ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು, ಪುಂಡಿ ಪಲ್ಯದ ಜೊತೆ ಬುತ್ತಿ ಕಟ್ಟಿಕೊಟ್ಟಿದ್ದಳು. ಹಣೆಗೆ ವೀರಭದ್ರೇಶ್ವರ ಗುಡಿಯ ವಿಭೂತಿ ಹಚ್ಚಿ, ‘ಗಡಬಡಿ ಮಾಡ್ಬ್ಯಾಡ, ಪ್ರಶ್ನಿ ಎರಡ್ ಸಲ ಓದು’ ಅಂದಳು. ಕಲಬುರ್ಗಿಯಲ್ಲಿ ಪರೀಕ್ಷೆ ಇದೆ ಅಂತ ಮನೆಯಲ್ಲಿ ಹೇಳಿದ್ದೆ. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಲಬುರ್ಗಿ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ನಾನು ಬಸವಕಲ್ಯಾಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆ.

ನನ್ನ ಹತ್ತಿರ ಹಾಲ್ ಟಿಕೆಟ್ ಇರಲಿಲ್ಲ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಅರ್ಜಿಗೆಂದು ಅಪ್ಪ ಕೊಟ್ಟಿದ್ದ ಆರುನೂರು ಚಿಲ್ಲರೆ ರೂಪಾಯಿ ಸೂಪರ್‌ಮ್ಯಾನ್‌ಗೆ ಹೋಗಿತ್ತು.

ಬಸವಕಲ್ಯಾಣಕ್ಕೆ ನಾನು ಮೊದಲು ಹೋಗಿದ್ದು ಆಟಕ್ಕಲ್ಲ, ಸರ್ಟಿಫಿಕೇಟಿಗೆ. ನಮ್ಮ ಕಡೆಯ ಉದ್ಯೋಗಾಕಾಂಕ್ಷಿಗಳಿಗೆಲ್ಲ ಗೊತ್ತಿರುವಂತೆ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಎಸಿ ಕಚೇರಿಯ ಮೆಟ್ಟಿಲು ಹತ್ತಬೇಕು. ಹುಮನಾಬಾದಿನವರಿಗೆ ಆ ಕಚೇರಿ ಇರುವುದು ಬಸವಕಲ್ಯಾಣದಲ್ಲಿ. ‘ಇವತ್ತು ಸಾಹೇಬ್ರು ಮೀಟಿಂಗ್‌ನಾಗ ಅದಾರ, ಮಧ್ಯಾಹ್ನ ಬರ್ರಿ’ ಅಂದರೆ ಮಧ್ಯಾಹ್ನದವರೆಗೆ ಎಲ್ಲಿ ಹೋಗುವುದು? ಕೋಟೆ ನೋಡಿಯಾಗಿತ್ತು. ಚಹಾ ಎರಡು ಸಲ ಆಗಿತ್ತು. ಒಂದು ಗಲ್ಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆಯಿಂದ ಹುಡುಗರ ಕೇಕೆ ಕೇಳಿಸಿತು. ಹತ್ತಿ ನೋಡಿದರೆ ಎರಡು ಟಿವಿ, ಎರಡು ಪ್ಲೇಸ್ಟೇಷನ್, ನಾಲ್ಕು ರಿಮೋಟ್. ಅದಕ್ಕೆ ಕಂಟ್ರೋಲರ್ ಅಂತ ಹೆಸರಿರಬಹುದು, ನಮ್ಮಲ್ಲಿ ಎಲ್ಲರಿಗೂ ಅದು ರಿಮೋಟ್. ಗಂಟೆಗೆ 40 ರೂಪಾಯಿ. ಒಂದು ಟಿವಿಯಲ್ಲಿ ಕ್ರಿಕೆಟ್, ಇನ್ನೊಂದರಲ್ಲಿ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಒಬ್ಬರಿಗೊಬ್ಬರು ಹಿಗ್ಗಾಮುಗ್ಗಾ ಬಡಿದುಕೊಳ್ಳುತ್ತಿದ್ದರು. ಆಟದ ಹೆಸರು ‘ಇನ್‌ಜಸ್ಟಿಸ್ 2’.

ಗೇಮ್ ಅಂಗಡಿ ನನಗೆ ಹೊಸದೇನಲ್ಲ. ನಾನು ಪ್ರೈಮರಿಯಲ್ಲಿದ್ದಾಗ ಹುಮನಾಬಾದಿನಲ್ಲಿ ಒಂದು ರೂಪಾಯಿ ಕಾಯಿನ್ ಹಾಕಿ ಆಡುವ ಡಬ್ಬಗಳಿದ್ದವು. ಅದರಲ್ಲಿ ನಾವು ಆಡುತ್ತಿದ್ದುದು ‘ಮುಸ್ತಫಾ’. ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು, ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕನ್ ಕಲಾವಿದ ಬರೆದ ‘ಝೆನೊಝೋಯಿಕ್ ಟೇಲ್ಸ್’ ಎಂಬ ಕಾಮಿಕ್ಸ್ ಆಧರಿಸಿದ್ದು ಎನ್ನುವುದೆಲ್ಲ ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಅದರಲ್ಲಿ ಜ್ಯಾಕ್, ಹನ್ನಾ, ಮುಸ್ತಫಾ, ಮೆಸ್ ಎಂದು ನಾಲ್ಕು ಜನ ಇದ್ದಾರೆ. ಕಥೆಯ ನಾಯಕ ಜ್ಯಾಕ್. ಆದರೆ ಇಡೀ ದೇಶದ ಹುಡುಗರು ಹಳದಿ ಟೋಪಿಯ ಮುಸ್ತಫಾನನ್ನೇ ನಾಯಕ ಮಾಡಿದರು, ಆಟಕ್ಕೂ ಅವನ ಹೆಸರನ್ನೇ ಇಟ್ಟುಬಿಟ್ಟರು. ನಮ್ಮ ಊರಿನಲ್ಲಂತೂ ಅದು ಬಹಳ ಸಹಜವಾಗಿತ್ತು. ಜ್ಯಾಕ್ ಎಂಬುವವನನ್ನು ಯಾರೂ ಕಂಡಿರಲಿಲ್ಲ, ಮುಸ್ತಫಾ ಎಂಬ ಹೆಸರಿನವರು ಓಣಿಗೊಬ್ಬರಿದ್ದರು.

ಕಾಮಿಕ್ಸ್ ಓದಿ ಆಟಕ್ಕೆ ಬಂದವರು ನಾವಲ್ಲ. ನಮಗೆ ಸಿಕ್ಕ ಸೂಪರ್‌ಹೀರೋ ಎಂದರೆ ‘ಬಾಲಮಂಗಳ’ದ ಡಿಂಗ, ಟಿವಿಯ ಶಕ್ತಿಮಾನ್. ಉಳಿದವರೆಲ್ಲ ಡಬ್ ಆದ ಸಿನಿಮಾದಿಂದ ಬಂದವರು. ಆದರೂ ಬ್ಯಾಟ್‌ಮ್ಯಾನ್ ಯಾರು ಎಂದು ಆ ಮಾಳಿಗೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಇನ್‌ಜಸ್ಟಿಸ್ ಮಾಡಿದವರ ಕಥೆ ಕೆಲಸ ಹುಡುಕುವವರು ಓದುವಂಥದ್ದು. ಅಮೆರಿಕದ ಶಿಕಾಗೋದಲ್ಲಿ ಮಿಡ್‌ವೇ ಎಂಬ ಕಂಪನಿ ಇತ್ತು. 1992ರ ‘ಮಾರ್ಟಲ್ ಕಾಂಬ್ಯಾಟ್’ ಅವರದೇ. 2008ರಲ್ಲಿ ಅವರು ತಮ್ಮ ಮಾರ್ಟಲ್ ಕಾಂಬ್ಯಾಟ್ ಪಾತ್ರಗಳನ್ನೂ ಡಿಸಿ ಕಾಮಿಕ್ಸಿನ ಪಾತ್ರಗಳನ್ನೂ ಒಂದೇ ಅಖಾಡಕ್ಕೆ ಇಳಿಸಿದ ಆಟ ತಂದರು. ಮರುವರ್ಷವೇ ಕಂಪನಿ ದಿವಾಳಿ ಎದ್ದಿತು. ವಾರ್ನರ್ ಬ್ರದರ್ಸ್ ಅದರ ಆಸ್ತಿಯನ್ನು ಕೊಂಡುಕೊಂಡಿತು. ಎಡ್ ಬೂನ್ ನೇತೃತ್ವದ ಅದೇ ತಂಡ 2010ರಲ್ಲಿ ನೆದರ್‌ರೆಲ್ಮ್ ಸ್ಟುಡಿಯೋಸ್ ಆಯಿತು. 2013ರಲ್ಲಿ ಅವರು ತಂದದ್ದು ‘ಇನ್‌ಜಸ್ಟಿಸ್: ಗಾಡ್ಸ್ ಅಮಂಗ್ ಅಸ್’. 2017ರಲ್ಲಿ ಅದರ ಎರಡನೇ ಭಾಗ. ಆ ಬಸವಕಲ್ಯಾಣದ ಮಾಳಿಗೆಯಲ್ಲಿ ನಾವು ಗಂಟೆ ಲೆಕ್ಕದಲ್ಲಿ ಆಡುತ್ತಿದ್ದುದು ಅದೇ.

ಮೊದಲ ದಿನ ನನ್ನನ್ನು ಸೋಲಿಸಿದವನು ಎಂಟನೇ ಕ್ಲಾಸಿನ ಹುಡುಗ. ಅವನು ಫ್ಲ್ಯಾಶ್, ನಾನು ಸೂಪರ್‌ಮ್ಯಾನ್. ಆಕಾಶದಲ್ಲಿ ಹಾರುವವನು, ಕಣ್ಣಿನಲ್ಲೇ ಬೆಂಕಿ ಹಾಯಿಸುವವನು, ಇವನನ್ನು ಹಿಡಿದರೆ ಸೋಲು ಹೇಗೆ ಬರುತ್ತದೆ ಅಂದುಕೊಂಡಿದ್ದೆ. ಬಂತು, ಎಂಟು ಸಲ. ನಾನು ಗುಂಡಿಗಳನ್ನು ಶಾವಿಗೆ ಮಣೆ ತಿರುವಿದ ಹಾಗೆ ಒತ್ತುತ್ತಿದ್ದೆ, ಅವನು ಸುಮ್ಮನೆ ಕೂತು ಎರಡೇ ಏಟು ಹಾಕುತ್ತಿದ್ದ. ಒಂಬತ್ತನೇ ಸಲ ಅವನಿಗೇ ಕನಿಕರ ಬಂತು. ‘ಅಣ್ಣಾ, ಹಿಂದ ಒತ್ರಿ. ಹಿಂದ ಒತ್ತಿದ್ರ ಹೊಡ್ತ ಬೀಳಲ್ಲ’ ಅಂದ.

ಇದು ಇನ್‌ಜಸ್ಟಿಸ್‌ನ ಒಂದು ವಿಶೇಷ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ತಡೆಯಲು ಬೇರೆಯದೇ ಗುಂಡಿ ಇದೆ. ಇಲ್ಲಿ ಎದುರಾಳಿಯಿಂದ ದೂರ, ಅಂದರೆ ಹಿಂದಕ್ಕೆ ಒತ್ತಿಹಿಡಿದರೆ ಅದೇ ರಕ್ಷಣೆ. ಕಾಲಿಗೆ ಬರುವ ಏಟಿಗೆ ಕುಳಿತು ಹಿಂದಕ್ಕೆ, ತಲೆಯ ಮೇಲಿಂದ ಬರುವ ಏಟಿಗೆ ನಿಂತು ಹಿಂದಕ್ಕೆ. ಹೊಸಬರು ಯಾರೂ ಹಿಂದಕ್ಕೆ ಒತ್ತುವುದಿಲ್ಲ. ಹೊಡೆಯಲು ಬಂದವನು ಹಿಂದೆ ಯಾಕೆ ಸರಿಯಬೇಕು?

ಆಮೇಲೆ ಯೂಟ್ಯೂಬ್ ನೋಡಿ ಇನ್ನಷ್ಟು ಕಲಿತೆ. ಈ ಆಟ ಒಂದು ಸೆಕೆಂಡಿನಲ್ಲಿ 60 ಚಿತ್ರಗಳನ್ನು ತೋರಿಸುತ್ತದೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತ ಹೆಸರು. ಪ್ರತಿಯೊಂದು ಹೊಡೆತಕ್ಕೂ ಮೂರು ಭಾಗ: ಕೈ ಎತ್ತಿ ಹೊರಡುವುದಕ್ಕೆ ಇಷ್ಟು ಫ್ರೇಮ್, ತಾಗುವುದಕ್ಕೆ ಇಷ್ಟು, ಕೈ ವಾಪಸ್ ಬರುವುದಕ್ಕೆ ಇಷ್ಟು. ಮನುಷ್ಯ ಕಣ್ಣಿಂದ ನೋಡಿ ಕೈ ಆಡಿಸಲು ಹತ್ತಿರ ಹತ್ತಿರ ಕಾಲು ಸೆಕೆಂಡು ಬೇಕು, ಅಂದರೆ 15 ಫ್ರೇಮ್. ಅದಕ್ಕಿಂತ ಬೇಗ ಬರುವ ಏಟನ್ನು ನೋಡಿ ತಡೆಯಲಾಗುವುದಿಲ್ಲ, ಬರುತ್ತದೆ ಎಂದು ಮೊದಲೇ ಅಂದಾಜು ಮಾಡಬೇಕು. ದೊಡ್ಡ ಹೊಡೆತ ಹೊಡೆದು ತಪ್ಪಿದವನ ಕೈ ವಾಪಸ್ ಬರುವುದು ತಡ, ಆ ಸಂದಿನಲ್ಲೇ ಎರಡೇಟು ಹಾಕಬೇಕು. ಎಂಟನೇ ಕ್ಲಾಸಿನವನು ಯಾವ ಲೆಕ್ಕವನ್ನೂ ಓದದೆ ಇದನ್ನೆಲ್ಲ ಮಾಡುತ್ತಿದ್ದ. ಶಾಲೆಯಲ್ಲಿ ಗಣಿತ ಬರುವುದಿಲ್ಲ ಅಂತ ಅವನೇ ಹೇಳುತ್ತಿದ್ದ.

ಇನ್ನೊಂದು ವಿಷಯ ಇದೆ, ಕ್ಲ್ಯಾಶ್ ಅಂತ. ಇಲ್ಲಿ ಸುತ್ತುಗಳಿಲ್ಲ, ಒಬ್ಬೊಬ್ಬನಿಗೆ ಎರಡೆರಡು ಜೀವದ ಪಟ್ಟಿ, ಒಂದೇ ಕುಸ್ತಿ. ಮೊದಲ ಪಟ್ಟಿ ಖಾಲಿಯಾಗಿ ಎರಡನೆಯದರ ಮೇಲೆ ನಿಂತವನು ಒಂದೇ ಒಂದು ಸಲ ಏಟಿನ ನಡುವೆಯೇ ‘ತಾಳು’ ಎಂದು ತಡೆಯಬಹುದು. ಆಗ ಇಬ್ಬರೂ ಎದುರುಬದುರು ನಿಂತು ಎರಡು ಮಾತು ಬೈದುಕೊಳ್ಳುತ್ತಾರೆ. ಕೆಳಗೆ ನಾಲ್ಕು ಭಾಗದ ಶಕ್ತಿಯ ಪಟ್ಟಿ ಇರುತ್ತದಲ್ಲ, ಅದರಿಂದ ಎಷ್ಟು ಪಣಕ್ಕಿಡುತ್ತೀರಿ ಎಂದು ಒಬ್ಬರಿಗೊಬ್ಬರು ಕಾಣದಂತೆ ಒತ್ತಬೇಕು. ಹೆಚ್ಚು ಇಟ್ಟವನು ಗೆದ್ದ. ತಡೆದವನು ಗೆದ್ದರೆ ಸ್ವಲ್ಪ ಜೀವ ವಾಪಸ್. ನಾನು ಯಾವಾಗಲೂ ಇದ್ದದ್ದನ್ನೆಲ್ಲ ಇಡುತ್ತಿದ್ದೆ. ಆ ಹುಡುಗ ಏನನ್ನೂ ಇಡದೆ ಸೋತು, ಉಳಿಸಿಕೊಂಡ ಶಕ್ತಿಯಿಂದ ಮರುಕ್ಷಣವೇ ನನ್ನನ್ನು ಮುಗಿಸುತ್ತಿದ್ದ.

ಇಷ್ಟೆಲ್ಲ ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಆ ವರ್ಷ ನನ್ನ ಬದುಕಿನಲ್ಲಿ ಲೆಕ್ಕಕ್ಕೆ ಸಿಗುತ್ತಿದ್ದುದು ಅದೊಂದೇ.

ನಾನು ಪಿಎಸ್‌ಐ ಪರೀಕ್ಷೆ ಬರೆದವನು. ಅದೇ, 545 ಹುದ್ದೆಗಳದ್ದು. 1600 ಮೀಟರ್ ಓಟ 7 ನಿಮಿಷದೊಳಗೆ ಮುಗಿಸಬೇಕು ಎಂದು ಹುಮನಾಬಾದ್ ಹೊರವಲಯದ ರಸ್ತೆಯಲ್ಲಿ ಬೆಳಗಿನ ಐದಕ್ಕೆ ಲಾರಿಗಳ ಹೊಗೆ ಕುಡಿಯುತ್ತಾ ಓಡಿದವನು. ಲಿಖಿತ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. 50 ಸಾವಿರಕ್ಕೂ ಹೆಚ್ಚು ಮಂದಿ ಬರೆದಿದ್ದರು. ಮುಂದಿನ ಜನವರಿಯಲ್ಲಿ ಬಂದ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಏಪ್ರಿಲ್‌ನಲ್ಲಿ ಅಕ್ರಮ ಬಯಲಾಗಿ ಇಡೀ ಪರೀಕ್ಷೆಯೇ ರದ್ದಾಯಿತು. ನಿಜ ಹೇಳುತ್ತೇನೆ, ಮೊದಲ ಒಂದು ಗಂಟೆ ನನಗೆ ಖುಷಿಯಾಯಿತು. ಆಮೇಲೆ ಪಟ್ಟಿಯಲ್ಲಿದ್ದ, ಪ್ರಾಮಾಣಿಕವಾಗಿ ಓದಿದ್ದ ನನ್ನ ಪರಿಚಯದವನೊಬ್ಬನ ಮುಖ ನೆನಪಾಗಿ ನಾಚಿಕೆಯಾಯಿತು. ಅವನ ಮನೆಯಲ್ಲಿ ಆಗಲೇ ಪೇಢೆ ಹಂಚಿದ್ದರು.

ಪರೀಕ್ಷೆಯಲ್ಲಿ ಸೋತೆನೋ ಗೆದ್ದೆನೋ ತಿಳಿಯಲು ವರ್ಷಗಳು ಬೇಕು. ಕೆಲವೊಮ್ಮೆ ಸೋತದ್ದೂ ಸೋತದ್ದಲ್ಲ, ಗೆದ್ದದ್ದೂ ಗೆದ್ದದ್ದಲ್ಲ. ಮಾಳಿಗೆಯ ಮೇಲೆ ಹಾಗಲ್ಲ. ಎರಡು ನಿಮಿಷದಲ್ಲಿ ತೀರ್ಪು. ಯಾಕೆ ಸೋತೆ ಅನ್ನುವುದು ಟಿವಿಯ ಮೇಲೇ ಕಾಣುತ್ತದೆ: ಕುಳಿತು ತಡೆಯಬೇಕಾದಲ್ಲಿ ನಿಂತೆ, ಅದಕ್ಕೆ. ಯಾರ ಶಿಫಾರಸೂ ನಡೆಯುವುದಿಲ್ಲ. ಮತ್ತೆ ಒಂದು ಗುಂಡಿ ಒತ್ತಿದರೆ ಇಬ್ಬರ ಪಟ್ಟಿಯೂ ತುಂಬಿ ನಿಲ್ಲುತ್ತದೆ, ಹಳೆಯದು ಯಾರಿಗೂ ನೆನಪಿರುವುದಿಲ್ಲ. ಫ್ಲ್ಯಾಶ್‌ಗೆ ಒಂದು ಶಕ್ತಿ ಇದೆ, ಒತ್ತಿದರೆ ಎದುರಾಳಿಯ ಕಾಲವೇ ನಿಧಾನವಾಗಿಬಿಡುತ್ತದೆ, ಅವನು ಮಾತ್ರ ಸರಸರ ಓಡಾಡುತ್ತಾನೆ. ಎದುರಾಳಿಯ ಅವಸ್ಥೆ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನ ಜೊತೆ ಪದವಿ ಮುಗಿಸಿದ ಕೆಲವರು ಹೈದರಾಬಾದಿನಲ್ಲಿ, ಪುಣೆಯಲ್ಲಿ ಸಂಬಳ ಎಣಿಸುತ್ತಿದ್ದರು.

ಪರೀಕ್ಷೆ ರದ್ದಾದ ಹೊಸತರಲ್ಲೇ ಮಾಳಿಗೆಯಲ್ಲಿ ಒಂದು ವಾದ ನಡೆಯಿತು. ಇನ್‌ಜಸ್ಟಿಸ್ ಕಥೆ ಶುರುವಾಗುವುದು ಹೀಗೆ: ಜೋಕರ್ ಹೂಡಿದ ಮೋಸದಿಂದ ಸೂಪರ್‌ಮ್ಯಾನ್ ತನ್ನ ಬಸುರಿ ಹೆಂಡತಿ ಲೋಯಿಸ್‌ಳನ್ನು ತನ್ನ ಕೈಯಾರೆ ಕೊಲ್ಲುತ್ತಾನೆ. ಅವಳ ಎದೆಬಡಿತಕ್ಕೆ ಜೋಡಿಸಿದ್ದ ಬಾಂಬಿನಿಂದ ಅವನ ಇಡೀ ನಗರ ಸುಟ್ಟುಹೋಗುತ್ತದೆ. ಅವನು ಜೋಕರನನ್ನು ಕೊಲ್ಲುತ್ತಾನೆ. ಅಲ್ಲಿಗೇ ನಿಲ್ಲುವುದಿಲ್ಲ, ಇನ್ನು ಮುಂದೆ ಜಗತ್ತಿನಲ್ಲಿ ತಪ್ಪೇ ನಡೆಯಬಾರದು ಎಂದು ತಾನೇ ಆಳಲು ಕೂರುತ್ತಾನೆ. ಬ್ಯಾಟ್‌ಮ್ಯಾನ್ ಅವನ ವಿರುದ್ಧ ನಿಲ್ಲುತ್ತಾನೆ. ಎರಡನೇ ಭಾಗದ ಕೊನೆಗೆ ಆಟ ನಿಮ್ಮನ್ನೇ ಕೇಳುತ್ತದೆ: ನೀವು ಯಾರ ಕಡೆ? ಯಾರನ್ನು ಆರಿಸುತ್ತೀರೋ ಹಾಗೆ ಕಥೆ ಮುಗಿಯುತ್ತದೆ.

ಅವತ್ತು ಅಲ್ಲಿ ಪದವಿ ಮುಗಿಸಿ ಖಾಲಿ ಕೂತವರು ಮೂವರಿದ್ದೆವು. ಮೂವರೂ ಸೂಪರ್‌ಮ್ಯಾನ್ ಕಡೆ. ‘ಪರೀಕ್ಷಾದಾಗ ಮೋಸ ಮಾಡಿದವ್ರನ್ನ ಹಿಂಗ ಎತ್ತಿ ಒಗೀಬೇಕು’ ಅಂತ ಒಬ್ಬ ಟಿವಿ ಕಡೆ ಕೈ ತೋರಿಸಿದ. ನಾನೂ ಹೌದೆಂದೆ. ಎಂಟನೇ ಕ್ಲಾಸಿನವನು ಮಾತ್ರ ಬ್ಯಾಟ್‌ಮ್ಯಾನ್ ಅಂದ. ಯಾಕೋ ಅಂದರೆ, ‘ಅವನ ಹತ್ರ ಗಾಡಿ ಅದ.’ ನಾವು ನಕ್ಕು ಸೂಪರ್‌ಮ್ಯಾನ್‌ನನ್ನೇ ಆರಿಸಿದೆವು. ಆ ಕೊನೆಯಲ್ಲಿ ಅವನು ಸೋತ ಬ್ಯಾಟ್‌ಮ್ಯಾನ್‌ನ ಮನಸ್ಸನ್ನೇ ಕಿತ್ತುಕೊಂಡು, ಹೇಳಿದಂತೆ ಕೇಳುವ ಆಳಾಗಿ ನಿಲ್ಲಿಸಿಕೊಂಡಿರುತ್ತಾನೆ. ಮಾಳಿಗೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಂಗಡಿ ಭಾಯ್ ‘ಟೈಮ್ ಆಯ್ತು’ ಅಂದರು.

ಮೋಸ ಮಾಡಿದವರನ್ನು ಎತ್ತಿ ಒಗೆಯಬೇಕೆಂದ ನಾನು ಮುಂದಿನ ವಾರಗಳಲ್ಲಿ ಮಾಡಿದ್ದು ಇದು. ಇನ್ನೊಂದು ಹುದ್ದೆಗೆ ಅರ್ಜಿ ಕರೆದಿದ್ದರು. ಅಪ್ಪ ಲಾರಿ ಚಾಲಕ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯೇ ಅವನ ಮನೆ, ನಮ್ಮ ಮನೆಗೆ ಅವನು ನೆಂಟನ ಹಾಗೆ ಬಂದು ಹೋಗುತ್ತಾನೆ. ಒಂದು ರಾತ್ರಿ ಬಂದವನು ಅರ್ಜಿಗೆಂದು ದುಡ್ಡು ಎಣಿಸಿಕೊಟ್ಟು ಬೆಳಗಾಗುವುದರೊಳಗೆ ಹೋದ. ಕೊನೆಯ ದಿನಾಂಕಕ್ಕೆ ಇನ್ನೂ ಮೂರು ವಾರ ಇತ್ತು. ಒಂದು ಗಂಟೆ ಆಡಿದರೆ ಏನಾಗುತ್ತದೆ, 40 ರೂಪಾಯಿ ತಾನೇ, ಆಮೇಲೆ ಜೋಡಿಸಿದರಾಯಿತು ಅಂದುಕೊಂಡೆ. ಹೀಗೆ 15 ಗಂಟೆಗಳು ಆದವು. ಒಂದೇ ದಿನ ಅಲ್ಲ, ಐದಾರು ಸಲ. ಬಸ್ಸಿನ ದುಡ್ಡು ಬೇರೆ. ಅಂಗಡಿಯವರದ್ದು ಏನೂ ತಪ್ಪಿಲ್ಲ. ‘ನೀವು ಓದೋರು, ದಿನಾ ಬರಬ್ಯಾಡ್ರಿ’ ಅಂತ ಭಾಯ್ ಒಂದು ಸಲ ಹೇಳಿಯೂ ಇದ್ದರು. ಕೊನೆಯ ದಿನ ಮೊಬೈಲಿನಲ್ಲಿ ಅರ್ಜಿಯ ಪುಟ ತೆರೆದು, ಶುಲ್ಕ ಕಟ್ಟುವ ಜಾಗದವರೆಗೆ ಬಂದು ಕೂತೆ. ಗೆಳೆಯರನ್ನು ಸಾಲ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು.

ಹೀಗಾಗಿ ಆ ಭಾನುವಾರ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ಹೊರಳುವ ಮುಂಚೆ ಜನ ಇಳಿಸಲು ನಿಂತಿತು. ಚಹಾದ ಅಂಗಡಿಯ ಮುಂದೆ ಲಾರಿಗಳ ಸಾಲು. ಅಪ್ಪನ ಸ್ನೇಹಿತರು ಯಾರಾದರೂ ಇದ್ದಾರೇನೋ ಎಂದು ಮುಖ ಬಗ್ಗಿಸಿಕೊಂಡೆ. ಕಲ್ಯಾಣದಲ್ಲಿ ಇಳಿದು ಕಾಲು ತಾವಾಗಿಯೇ ಮಾಳಿಗೆಯ ಕಡೆ ಹೋದವು. ಭಾನುವಾರ, ಸಾಲೆಯ ಹುಡುಗರಿಂದ ಮೆಟ್ಟಿಲಿನವರೆಗೂ ಚಪ್ಪಲಿ ತುಂಬಿತ್ತು. ನನ್ನ ಜೇಬಿನಲ್ಲಿ ಊಟದ ದುಡ್ಡು ಇತ್ತು. ಹತ್ತಲಿಲ್ಲ. ಒಳ್ಳೆಯವನಾಗಿಬಿಟ್ಟೆ ಅಂತಲ್ಲ, ಹಣೆಯ ಮೇಲೆ ವಿಭೂತಿ ಇತ್ತು, ಆ ಹುಡುಗ ‘ಇವತ್ತು ಏನಣ್ಣಾ’ ಅಂತ ಕೇಳುತ್ತಿದ್ದ.

ತ್ರಿಪುರಾಂತ ಕೆರೆಯ ಹತ್ತಿರ ಹೋಗಿ ಕುಳಿತೆ. ಪರೀಕ್ಷೆ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಿಡುತ್ತಾರೆ ಅನ್ನುವ ಲೆಕ್ಕದಲ್ಲಿ ಕೂತಿದ್ದೆ, ಬೇಗ ಹಿಂತಿರುಗುವಂತಿಲ್ಲವಲ್ಲ. ಹೊತ್ತು ಕಳೆಯಲು ಮೊಬೈಲಿನಲ್ಲಿ ಸೂಪರ್‌ಮ್ಯಾನ್ ಹುಟ್ಟಿದ ಕಥೆ ಓದಿದೆ. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಹುಡುಗರು. ಆರ್ಥಿಕ ಕುಸಿತದ ಕಾಲ. ಒಬ್ಬ ಬರೆಯುವವನು, ಇನ್ನೊಬ್ಬ ಚಿತ್ರ ಬಿಡಿಸುವವನು. ವರ್ಷಗಟ್ಟಲೆ ಪತ್ರಿಕೆಯವರಿಗೆ ಕಳಿಸಿದರು, ಎಲ್ಲರೂ ವಾಪಸ್ ಕಳಿಸಿದರು. ಕೊನೆಗೆ 1938ರಲ್ಲಿ ಮೊದಲ ಕಥೆಯನ್ನೂ ಪಾತ್ರದ ಪೂರ್ತಿ ಹಕ್ಕನ್ನೂ 130 ಡಾಲರಿಗೆ ಮಾರಿಬಿಟ್ಟರು. ಆಮೇಲೆ ಆ ಹಕ್ಕಿಗಾಗಿ ಜೀವನವಿಡೀ ಕೋರ್ಟು ಅಲೆದರು. ಬುಲೆಟ್ ತಾಗದ ಮನುಷ್ಯನನ್ನು ಕಲ್ಪಿಸಿಕೊಂಡವರು ಇಬ್ಬರು ಬಡ ಹುಡುಗರು ಅನ್ನುವುದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಬುತ್ತಿ ಬಿಚ್ಚಿದೆ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ, ಆದರೂ ತಿಂದೆ. ಡಬ್ಬಿ ಖಾಲಿಯಾಗಿರದಿದ್ದರೆ ಅವ್ವ ಕೇಳುತ್ತಿದ್ದಳು.

ಸಂಜೆ ‘ಪೇಪರ್ ಹೆಂಗಿತ್ತು?’ ಅಂದಳು. ‘ಈಜಿ ಇತ್ತು’ ಅಂದೆ.

ಐದು ತಿಂಗಳು ಹೀಗೇ ನಡೆಯಿತು. ಫಲಿತಾಂಶ ತಡವಾಗುವುದು ನಮ್ಮಲ್ಲಿ ಮಾಮೂಲಿ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅದೇ ನನಗೆ ಹಿಂಸೆಯಾಗಿತ್ತು. ಅವ್ವ ಗುಡಿಗೆ ಹೋದಾಗಲೆಲ್ಲ ನನ್ನ ರಿಸಲ್ಟಿಗೆಂದು ಕಾಯಿ ಒಡೆಸುತ್ತಿದ್ದಳು. ಒಂದೊಂದು ಕಾಯಿಗೂ 30 ರೂಪಾಯಿ. ಅದನ್ನೂ ನಾನು ಗಂಟೆಗಳ ಲೆಕ್ಕದಲ್ಲೇ ನೋಡುತ್ತಿದ್ದೆ.

2023ರ ಏಪ್ರಿಲ್‌ನ ಒಂದು ರಾತ್ರಿ ಅಪ್ಪ ಊಟ ಮುಗಿಸಿ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಲಾರಿಯ ಕಾಗದಗಳನ್ನು ಜೋಡಿಸುತ್ತಿದ್ದ. ಹೋಗಿ ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಮಾಳಿಗೆ, 40 ರೂಪಾಯಿ, ಕೆರೆ, ಎಲ್ಲ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಚಿಕ್ಕವನಿದ್ದಾಗ ಮುಸ್ತಫಾ ಆಡುತ್ತಿದ್ದಲ್ಲಿಗೆ ಬಂದು ಕಿವಿ ಹಿಡಿದು ಎಳೆದುಕೊಂಡು ಹೋದವನು ಅವನೇ. ಈಗ ಅವನು ಕಾಗದ ಜೋಡಿಸುವುದನ್ನು ನಿಲ್ಲಿಸಲಿಲ್ಲ. ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ, ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ.

‘ನಿಮ್ಮವ್ವಗ ನೀನೇ ಹೇಳು’ ಅಂದ. ಅಷ್ಟೇ. ಬೆಳಗಿನ ಜಾವ ಲಾರಿ ಹೊರಟ ಸದ್ದು ಕೇಳಿತು.

ಅವ್ವನಿಗೆ ಹೇಳಿದ್ದು ಇದಕ್ಕಿಂತ ಕಷ್ಟವಾಯಿತು, ಅದನ್ನು ಬರೆಯುವುದಿಲ್ಲ.

ನಾಲ್ಕು ದಿನದ ಮೇಲೆ ಅಪ್ಪ ವಾಪಸ್ ಬಂದ. ಕಾಲು ತೊಳೆದು ಒಳಗೆ ಬಂದವನು ಜೇಬಿನಿಂದ ಹತ್ತು, ಇಪ್ಪತ್ತರ ನೋಟುಗಳನ್ನು ತೆಗೆದು ಆರುನೂರು ಎಣಿಸಿ ನನ್ನ ಮುಂದಿಟ್ಟ. ‘ಮುಂದಿನ ಅರ್ಜಿ ಬಂದಾಗ ಕಟ್ಟು. ಈ ಸಲ ರಸೀದಿ ತೋರಿಸು.’

ಪಿಎಸ್‌ಐ ಮರುಪರೀಕ್ಷೆ 2024ರ ಜನವರಿ 23ರಂದು ಬೆಂಗಳೂರಿನಲ್ಲಿ ಆಯಿತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ಬರೆದು ಬಂದೆ. ಆಗಲಿಲ್ಲ. ಈ ಸಲ ಸೋತದ್ದು ಯಾಕೆ ಅಂತ ನನಗೆ ಗೊತ್ತಿತ್ತು, ಓದಿದ್ದು ಸಾಲದಾಗಿತ್ತು. ಹುಮನಾಬಾದಿನಲ್ಲಿ ಸಂಜೆ ಹೈಸ್ಕೂಲ್ ಹುಡುಗರಿಗೆ ಗಣಿತ, ವಿಜ್ಞಾನ ಟ್ಯೂಷನ್ ಹೇಳುತ್ತೇನೆ, ಖರ್ಚು ಕಳೆಯುತ್ತದೆ. ಮಾಳಿಗೆಗೆ ಹೋಗುವುದನ್ನು ಪೂರ್ತಿ ಬಿಟ್ಟಿಲ್ಲ, ಬಿಟ್ಟೆ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಕಲ್ಯಾಣಕ್ಕೆ ಕೆಲಸ ಬಿದ್ದರೆ ಒಂದು ಗಂಟೆ, ಟ್ಯೂಷನ್ ದುಡ್ಡಿನಲ್ಲಿ. ಎಂಟನೇ ಕ್ಲಾಸಿನ ಹುಡುಗ ಹತ್ತನೆಯದಕ್ಕೆ ಬಂದಿದ್ದ, ಮೀಸೆ ಚಿಗುರುತ್ತಿತ್ತು. ಪರೀಕ್ಷೆಗೆ ಮುಂಚೆ ಮೂರು ಭಾನುವಾರ ಅದೇ ಮೆಟ್ಟಿಲ ಮೇಲೆ ಕೂರಿಸಿ ಅವನಿಗೆ ತ್ರಿಕೋನಮಿತಿ ಹೇಳಿಕೊಟ್ಟೆ. 60 ಫ್ರೇಮಿನಲ್ಲಿ ಕಾಲು ಸೆಕೆಂಡು ಎಷ್ಟು ಅಂದರೆ ತಕ್ಷಣ 15 ಅಂದ. ಸೈನ್ 30 ಎಷ್ಟು ಅಂದರೆ ಮಾತ್ರ ಮುಖ ನೋಡಿದ. ಗಣಿತದಲ್ಲಿ ಪಾಸಾದ. ಆಟದಲ್ಲಿ ನಾನು ಅವನನ್ನು ಇಲ್ಲಿಯವರೆಗೆ ನಾಲ್ಕು ಸಲ ಗೆದ್ದಿದ್ದೇನೆ.

ಅಪ್ಪ ಹೇಳಿದ ಮೇಲೆ ಮೂರು ಅರ್ಜಿ ಹಾಕಿದ್ದೇನೆ. ಮೂರರ ರಸೀದಿಗಳೂ ಅವನ ಲಾರಿಯ ಪ್ಲಾಸ್ಟಿಕ್ ಚೀಲದಲ್ಲಿ, ಪರ್ಮಿಟ್ ಮತ್ತು ಇನ್ಶೂರೆನ್ಸ್ ಕಾಗದಗಳ ನಡುವೆ ಇವೆ. ಮೂರನೆಯದರ ಪರೀಕ್ಷೆಯ ದಿನಾಂಕ ಇನ್ನೂ ಬಂದಿಲ್ಲ.